ನಿಪ್ಪಾಣಿ: ತಂಬಾಕು ಬೆಳೆಸಿದ ಪೇಟೆ

ಚಿಕ್ಕೋಡಿ ಸೀಮೆಯ ಪೇಟೆಗಳಲ್ಲಿ ನಿಪ್ಪಾಣಿಯದು ತಡವಾಗಿ ಬಂದ ಹೆಸರು. ಆದಿಲ್‌ಶಾಹಿಗಳ ಕಾಲಕ್ಕೆ ವಿಜಯಪುರದಿಂದ ಗೋವಾಕ್ಕೆ ಹೋಗುವ ಹಾದಿಯಲ್ಲಿ ಅಥಣಿ, ರಾಯಬಾಗಗಳು ಹೆಸರಾಂತ ಪೇಟೆಗಳಾಗಿದ್ದವು. 17ನೇ ಶತಮಾನದ ಯುರೋಪಿನ ಪ್ರವಾಸಿಗಳ ಬರಹಗಳಲ್ಲೂ ಅವು ಬರುತ್ತವೆ. ನಿಪ್ಪಾಣಿ ಮುಂದಕ್ಕೆ ಬಂದದ್ದು ಪೇಶ್ವೆಗಳ ಕೊನೆಗಾಲದಲ್ಲಿ, ಸಿದ್ದೋಜಿರಾವ್ ನಿಂಬಾಳ್ಕರನಿಂದ. ಜನರ ಬಾಯಲ್ಲಿ ಅವನು ಅಪ್ಪಾ ದೇಸಾಯಿ. ಎರಡನೇ ಬಾಜಿರಾಯ ಕೊಟ್ಟ ಸರಲಷ್ಕರ ಎಂಬ ಸೇನಾ ಪದವಿ, ಕೊಲ್ಲಾಪುರದ ಜತೆ ವರ್ಷಗಟ್ಟಲೆ ಕಾದಾಟ, ಊರಿಗೊಂದು ಕೋಟೆ. 1839ರಲ್ಲಿ ಸಂಸ್ಥಾನ ಬ್ರಿಟಿಷರ ಪಾಲಾಯಿತು. 1841ರಲ್ಲಿ ಕೋಟೆಯಲ್ಲಿ ಬಂಡಾಯವೆದ್ದಿತು. ಸೈನ್ಯ ಬಂದು ಅಡಗಿಸಿತು.

ಊರಿನ ಇತಿಹಾಸ ಬರೆಯುವವರು ಹೆಚ್ಚಾಗಿ ದೇಸಾಯಿಯ ಸುತ್ತಲೇ ನಿಲ್ಲುತ್ತಾರೆ. ನನ್ನ ಮಟ್ಟಿಗೆ ಕೋಟೆಗಿಂತ ದೊಡ್ಡ ಹೆಗ್ಗುರುತು ತಂಬಾಕಿನ ವಖಾರಿಗಳು.

ಮಿರಜ–ಬೆಳಗಾವಿ ರೈಲುಮಾರ್ಗ ಕುಡಚಿ, ರಾಯಬಾಗದ ಕಡೆಯಿಂದ ಹಾದುಹೋಯಿತು. ನಿಪ್ಪಾಣಿಗೆ ದಕ್ಕಿದ್ದು ಪುಣೆ–ಬೆಂಗಳೂರು ರಸ್ತೆ ಮಾತ್ರ, ಆ ರಸ್ತೆಯೇ ಊರನ್ನು ಸಾಕಿತು. ಸುತ್ತಲಿನ ಹೊಲಗಳಲ್ಲಿ ಬೆಳೆದ ಬೀಡಿ ತಂಬಾಕು ಇಲ್ಲಿಂದಲೇ ದೂರದೂರಿಗೆ ಹೋಗುತ್ತಿತ್ತು. ಈ ಬೆಳೆಯಷ್ಟು ಕೈಕೆಲಸ ಬೇಡುವ ಬೆಳೆ ಕಡಿಮೆ. ಹೂ ಬಿಡುವ ಮೊದಲೇ ಕುಡಿ ಚಿವುಟಬೇಕು, ಬಗಲಲ್ಲಿ ಒಡೆಯುವ ಚಿಗುರನ್ನು ಮತ್ತೆ ಮತ್ತೆ ಕೀಳಬೇಕು. ಆಗ ಸತ್ವವೆಲ್ಲ ಎಲೆಗಿಳಿದು ಘಾಟು ಏರುತ್ತದೆ. ಕೊಯ್ದದ್ದನ್ನು ಬಿಸಿಲಲ್ಲಿ ಹರವಿ ಒಣಗಿಸಬೇಕು. ಇಷ್ಟೆಲ್ಲ ಮಾಡಿದವನ ಕೈಯಲ್ಲಿ ಬೆಲೆ ಇರಲಿಲ್ಲ. ಎಲೆಯನ್ನು ಹಿಸುಕಿ, ಮೂಸಿ ನೋಡಿ ದರ ಕಟ್ಟುವವನು ವ್ಯಾಪಾರಿ.

ಆ ಸಿಟ್ಟು 1981ರಲ್ಲಿ ರಸ್ತೆಗೆ ಬಂತು. ಹಿಂದಿನ ವರ್ಷವಷ್ಟೇ ನರಗುಂದ, ನವಲಗುಂದಗಳಲ್ಲಿ ಹೋರಾಟಕ್ಕಿಳಿದ ರೈತರ ಮೇಲೆ ಪೊಲೀಸರ ಗುಂಡು ಹಾರಿತ್ತು. ಶೇತಕರಿ ಸಂಘಟನೆಯ ಶರದ್ ಜೋಶಿ ಅವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ಮಾರ್ಚ್ 14ರಿಂದ ಹೆದ್ದಾರಿಯಲ್ಲೇ ಠಿಕಾಣಿ ಹೂಡಿದರು. ಕನ್ನಡದವರು, ಮರಾಠಿಯವರು ಎಂಬ ಎಣಿಕೆ ಅಲ್ಲಿರಲಿಲ್ಲ. ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿ ಅವರನ್ನು ಎಬ್ಬಿಸಿದರು. ಹನ್ನೆರಡು ಮಂದಿ ರೈತರು ಸತ್ತರು. ಗಡಿ ವಿವಾದದ ಬಗ್ಗೆ ಇಷ್ಟೊಂದು ಬರೆಯುವ ನಾವು, ಎರಡೂ ಭಾಷೆಯವರು ಒಂದೇ ಬೇಡಿಕೆಗೆ ಕುಳಿತ ಆ ದಿನಗಳನ್ನು ಎಷ್ಟು ಸುಲಭವಾಗಿ ಮರೆತೆವು!

ಗಡಿಯ ಮಾತು ಬಂದದ್ದರಿಂದ ಹೇಳುತ್ತೇನೆ: ಕರ್ನಾಟಕ–ಮಹಾರಾಷ್ಟ್ರ ಗಡಿ ಕುರಿತ 1967ರ ಮಹಾಜನ ಆಯೋಗದ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದಿತ್ತು. ಬೆಳಗಾವಿ ಸಿಗಲಿಲ್ಲವೆಂದು ಮಹಾರಾಷ್ಟ್ರ ವರದಿಯನ್ನೇ ಒಪ್ಪಲಿಲ್ಲ. ಊರಿನ ಮಕ್ಕಳು ಓದುವ ದೇವಚಂದ ಕಾಲೇಜಿರುವ ಅರ್ಜುನನಗರ ಮಾತ್ರ ಗಡಿಯಾಚೆ, ಕೊಲ್ಲಾಪುರ ಜಿಲ್ಲೆಯಲ್ಲಿದೆ. ಗಡಿ ವಿವಾದಕ್ಕೂ ಮೊದಲಿನ ಇನ್ನೊಂದು ನೆನಪೂ ಊರಿಗಿದೆ: ಡಾ. ಅಂಬೇಡ್ಕರ್ 1925ರ ಏಪ್ರಿಲ್‌ನಲ್ಲಿ ಮುಂಬೈ ಪ್ರಾಂತದ ಅಸ್ಪೃಶ್ಯರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದು ನಿಪ್ಪಾಣಿಯಲ್ಲೇ. ಮಹಾಡದ ಕೆರೆ ಸತ್ಯಾಗ್ರಹಕ್ಕಿಂತ ಎರಡು ವರ್ಷ ಮೊದಲಿನ ಮಾತಿದು.

ವಖಾರಿಯೊಳಗಿನ ಕಥೆಯೇ ಬೇರೆ. ಒಣಗಿದ ಎಲೆಯನ್ನು ಬಡಿದು, ಜರಡಿ ಹಿಡಿದು ಜರ್ದಾ ಮಾಡುವವರು ಹೆಣ್ಣುಮಕ್ಕಳು. ಸೆರಗನ್ನು ಮೂಗಿಗೆ ಬಿಗಿದರೂ ಪುಡಿ ಗಂಟಲಿಗಿಳಿಯುತ್ತದೆ, ಕಣ್ಣು ಉರಿಯುತ್ತದೆ. ಅವರೂ ಸಂಘ ಕಟ್ಟಿದರು, ಮುಷ್ಕರ ಹೂಡಿದರು. ದೀಪಾ ಧನರಾಜ್ ಮತ್ತು ಗೆಳೆಯರ ಯುಗಾಂತರ ತಂಡ 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿದ್ದು ಇವರನ್ನು ಕುರಿತು. ಇವರ ಮಾತನ್ನು ಇವರ ಬಾಯಿಂದಲೇ ಕೇಳಿಸುವ ದಾಖಲೆ ಅದು.

ಈಗ ಆ ತಂಬಾಕಿನ ಹೊಲಗಳಲ್ಲಿ ಕಬ್ಬು, ಸೋಯಾ ಬೆಳೆಯುತ್ತಿದ್ದಾರೆ. ಹಾಲಸಿದ್ಧನಾಥ ಸಹಕಾರಿ ಸಕ್ಕರೆ ಕಾರ್ಖಾನೆ ಊರಿನ ಹೊಸ ಗುರುತಾಗಿದೆ. ಚಿಕ್ಕೋಡಿಯಿಂದ ಬೇರೆಯಾಗಿ ನಿಪ್ಪಾಣಿ ತಾಲ್ಲೂಕು ಕೇಂದ್ರವೂ ಆಯಿತು. ಯುಗಾಂತರದ ಚಿತ್ರ ಬರ್ಲಿನ್ನಿನ ಆರ್ಸೆನಲ್ ಸಂಸ್ಥೆಯ ನೆರವಿನಿಂದ ಡಿಜಿಟಲ್ ರೂಪಕ್ಕೆ ಬಂದಿದೆ. ಅದನ್ನು ನಿಪ್ಪಾಣಿಯ ಶಾಲೆ ಕಾಲೇಜುಗಳಲ್ಲಿ ತೋರಿಸಬೇಕು. ಜರಡಿ ಹಿಡಿದವರ ಮೊಮ್ಮಕ್ಕಳು ಅಲ್ಲೇ ಓದುತ್ತಿದ್ದಾರೆ.