ಪ್ರಾಣವಾಯುವಿನ ಹಂಗಿಲ್ಲದ ಜೀವಿಗಳು

ಆಕ್ಸಿಜನ್ ಎಂಬ ಅನಿಲಕ್ಕೆ ಕನ್ನಡದಲ್ಲಿ ಎರಡು ಹೆಸರುಗಳು ರೂಢಿಗೆ ಬಂದಿವೆ. ‘ಆಮ್ಲಜನಕ’ವೆಂಬುದು ಫ್ರಾನ್ಸಿನ ಲಾವಾಸಿಯೆಯು 18ನೆಯ ಶತಮಾನದ ಉತ್ತರಾರ್ಧದಲ್ಲಿ ಗ್ರೀಕ್ ಧಾತುಗಳಿಂದ ಕಟ್ಟಿದ ಪದದ ಅನುವಾದ, ‘ಪ್ರಾಣವಾಯು’ವಾದರೋ ಹಳೆಯದೊಂದು ಮಾತಿಗೆ ಹೊಸ ಅರ್ಥವನ್ನು ತೊಡಿಸಿದುದು. ಎರಡರೊಳಗೂ ಒಂದೊಂದು ಸಿದ್ಧಾಂತವು ಅಡಗಿದೆ. ಎರಡೂ ಪೂರ್ತಿ ನಿಜವಲ್ಲ. ಆಮ್ಲಗಳಿಗೆಲ್ಲ ಈ ಅನಿಲವೇ ಜನಕವೆಂಬ ಮತವನ್ನು 1810ರಲ್ಲಿ ಹಂಫ್ರಿ ಡೇವಿಯು ಅಲ್ಲಗಳೆದನು. ಜೀವಕ್ಕೆಲ್ಲ ಇದೇ ಆಧಾರವೆಂಬ ಮತವು ಮತ್ತೆ ಅರ್ಧ ಶತಮಾನದ ವರೆಗೆ ಬಾಳಿತು.

ಅದಕ್ಕೆ ವಿರುದ್ಧವಾದ ಸಾಕ್ಷ್ಯವು ಬಹು ಹಿಂದೆಯೇ ದೊರೆತಿದ್ದಿತು. 1680ರಲ್ಲಿ ಡೆಲ್ಫ್ಟ್ ನಗರದ ಲೇವನ್‌ಹುಕನು ಮೆಣಸಿನ ಪುಡಿಯನ್ನೂ ಮಳೆಯ ನೀರನ್ನೂ ಎರಡು ಗಾಜಿನ ನಳಿಗೆಗಳಲ್ಲಿ ತುಂಬಿ, ಒಂದರ ಬಾಯನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿದನು. ಕೆಲವು ದಿನಗಳ ಮೇಲೆ ಅದನ್ನು ಒಡೆಯಲು, ಒಳಗಿನ ಅನಿಲದ ಒತ್ತಡಕ್ಕೆ ನೀರು ಹೊರಚಿಮ್ಮಿತು. ಆ ನೀರಿನಲ್ಲಿ ಜೀವಿಗಳು ಚಲಿಸುತ್ತಿದ್ದುವು. ಆಕ್ಸಿಜನ್ನಿನ ಹೆಸರೇ ಹುಟ್ಟಿರದ ಕಾಲವದು. ಕಂಡುದರ ಬೆಲೆಯನ್ನು ಅವನು ಅರಿಯುವಂತಿರಲಿಲ್ಲ. 1913ರಲ್ಲಿ ಬೈಯರಿಂಕನು ಅದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದ ಮೇಲೆಯೇ ಅದರ ಮರ್ಮವು ಬೆಳಕಿಗೆ ಬಂದಿತು.

ಅಷ್ಟರೊಳಗೆ ಲೂಯಿ ಪಾಶ್ಚರನು ಮತವನ್ನು ಮುರಿದಿದ್ದನು. ಬ್ಯೂಟಿರಿಕ್ ಆಮ್ಲವನ್ನು ಹುಟ್ಟಿಸುವ ಹುದುಗುವಿಕೆಯನ್ನು ಪರೀಕ್ಷಿಸುತ್ತ ಅವನು ಆ ದ್ರವದ ಒಂದು ಹನಿಯನ್ನು ತೆಳುಗಾಜಿನ ಅಡಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದನು. ಸಾಮಾನ್ಯವಾದ ಸೂಕ್ಷ್ಮಜೀವಿಗಳಾದರೆ ಗಾಳಿಯನ್ನರಸಿ ಹನಿಯ ಅಂಚಿಗೆ ಬಂದು ಸೇರುವುವು. ಇಲ್ಲಿ ಕಂಡುದು ಅದಕ್ಕೆ ತಲೆಕೆಳಗು: ಅಂಚಿನಲ್ಲಿದ್ದುವು ನಿಶ್ಚೇಷ್ಟಿತವಾಗಿದ್ದುವು, ನಡುವಿನಲ್ಲಿದ್ದುವು ಚುರುಕಾಗಿ ಚಲಿಸುತ್ತಿದ್ದುವು. ಇಷ್ಟರಿಂದಲೇ ಅವನು ನಿರ್ಣಯಕ್ಕೆ ಬರಲಿಲ್ಲ. ದ್ರವದೊಳಕ್ಕೆ ಗಾಳಿಯನ್ನು ಹಾಯಿಸಿದನು; ಜೀವಿಗಳು ಸತ್ತು ಹುದುಗುವಿಕೆ ನಿಂತಿತು. ಅದೇ ರೀತಿ ಇಂಗಾಲದ ಡೈಆಕ್ಸೈಡನ್ನು ಹಾಯಿಸಿದಾಗ ಅವುಗಳಿಗೆ ಏನೂ ಆಗಲಿಲ್ಲ. ಕೊಂದುದು ಅನಿಲದ ಹರಿವಲ್ಲ, ಆಮ್ಲಜನಕವೇ ಎಂಬುದು ಹೀಗೆ ಸಿದ್ಧವಾಯಿತು. 1861ರ ಫೆಬ್ರವರಿಯಲ್ಲಿ ಇದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಬಂದಿತು. ‘ವಾಯುಜೀವಿ’, ‘ಅವಾಯುಜೀವಿ’ ಎಂದು ಅನುವಾದಿಸಬಹುದಾದ ಹೆಸರುಗಳನ್ನು ಅವನು 1863ರಲ್ಲಿ ಬಳಕೆಗೆ ತಂದನು.

ಹೆಸರು ದೊರೆತೊಡನೆ ಪಾಶ್ಚರನು ಒಂದು ಹೆಜ್ಜೆ ಮುಂದೆ ಹೋದನು. ಹುದುಗುವಿಕೆಯೆಂದರೆ ಗಾಳಿಯಿಲ್ಲದ ಬಾಳುವೆ ಎಂಬುದು ಅವನ ಸೂತ್ರವಾಯಿತು. ಯೀಸ್ಟಿನ ವಿಷಯದಲ್ಲಿ ಇದು ಬಹುಮಟ್ಟಿಗೆ ಸಲ್ಲುವುದು: ಗಾಳಿ ಧಾರಾಳವಾಗಿದ್ದರೆ ಅದು ಹೆಚ್ಚಾಗಿ ಬೆಳೆದು ಸಕ್ಕರೆಯನ್ನು ಕಡಿಮೆ ವ್ಯಯಿಸುತ್ತದೆ, ಇಲ್ಲದಿದ್ದರೆ ಇದಕ್ಕೆ ವಿಪರೀತ. ಆದರೆ ವಿನೆಗರನ್ನು ಹುಳಿಗೊಳಿಸುವ ಜೀವಿಗೆ ಗಾಳಿ ಬೇಕೇಬೇಕೆಂದು ತೋರಿಸಿದವನೂ ಪಾಶ್ಚರನೇ. ಸೂತ್ರದ ಮೋಹವು ದೊಡ್ಡವರನ್ನೂ ಬಿಡದೆಂದು ತೋರುತ್ತದೆ.

ಈ ವಿಚಾರವು ಪಂಡಿತರ ವಿವಾದಕ್ಕೆ ಮಾತ್ರ ಸೇರಿದುದಲ್ಲ. ಧನುರ್ವಾಯುವಿನ ಕ್ರಿಮಿಯನ್ನು 1884ರಲ್ಲಿ ನಿಕೊಲಾಯರನು ಕಂಡಿದ್ದರೂ ಅದನ್ನು ಇತರ ಕ್ರಿಮಿಗಳಿಂದ ಬೇರ್ಪಡಿಸಲಾರದೆ ಹೋದನು. ಬರ್ಲಿನ್ನಿನಲ್ಲಿ ಕೋಖನ ಬಳಿ ದುಡಿಯುತ್ತಿದ್ದ ಜಪಾನಿನ ಕಿಟಸಾಟೊ 1889ರಲ್ಲಿ ಮಿಶ್ರಣವನ್ನು 80 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿ, ಉಳಿದ ಬೀಜಕಗಳನ್ನು ಜಲಜನಕದ ಆವರಣದಲ್ಲಿ ಬೆಳೆಸಿ ಶುದ್ಧ ಕೃಷಿಯನ್ನು ಪಡೆದನು. ಮರುವರ್ಷವೇ ಬೇರಿಂಗನೊಡನೆ ಸೇರಿ ಅದರ ವಿಷಕ್ಕೆ ಪ್ರತಿವಿಷವನ್ನು ಕಂಡುಹಿಡಿದನು.

ಕಾಲಕ್ರಮದಲ್ಲಿ ಎರಡು ವರ್ಗಗಳು ಸಾಲದಾದುವು. ಆಳವಾದ ನಳಿಗೆಯಲ್ಲಿ ಪೋಷಕದ್ರವ್ಯವನ್ನು ಹೆಪ್ಪುಗಟ್ಟಿಸಿ ಬ್ಯಾಕ್ಟೀರಿಯಗಳನ್ನು ಬೆರಸಿಟ್ಟರೆ ಭೇದವು ಕಣ್ಣಿಗೇ ಕಾಣುವುದು. ಕ್ಷಯದ ಕ್ರಿಮಿಯಂತೆ ಗಾಳಿ ಅವಶ್ಯವಾದುವು ಮೇಲ್ಮೈಯಲ್ಲಿಯೂ, ಧನುರ್ವಾಯುವಿನಂತಹವು ತಳದಲ್ಲಿಯೂ ಬೆಳೆಯುತ್ತವೆ. ಕರುಳಿನ ಕೋಲೈ ಎಲ್ಲೆಡೆಯೂ ಬೆಳೆದರೂ ಮೇಲ್ಗಡೆ ದಟ್ಟವಾಗಿರುತ್ತದೆ. ಲ್ಯಾಕ್ಟಿಕ್ ಆಮ್ಲವನ್ನು ಹುಟ್ಟಿಸುವ ಎಷ್ಟೋ ಬ್ಯಾಕ್ಟೀರಿಯಗಳಿಗೆ ಗಾಳಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇನ್ನು ಕೆಲವು ಮೇಲ್ಮೈಗೆ ತುಸು ಕೆಳಗೆ ಒಂದು ಪಟ್ಟಿಯಂತೆ ನಿಲ್ಲುತ್ತವೆ. ಆಮ್ಲಜನಕವು ಬೇಕು, ಆದರೆ ಅಲ್ಪವಾಗಿರಬೇಕು. 1982ರಲ್ಲಿ ವಾರನ್ ಮತ್ತು ಮಾರ್ಷಲರು ಬೆಳೆಸಿದ ಜಠರದ ಹೆಲಿಕೋಬ್ಯಾಕ್ಟರ್ ಈ ಬಗೆಯದು.

ಪ್ರಾಣವಾಯುವೇ ಪ್ರಾಣವನ್ನು ಕಳೆಯುವುದೇತಕ್ಕೆ? 1971ರಲ್ಲಿ ಮೆಕಾರ್ಡ್, ಕೀಲ್, ಫ್ರಿಡೊವಿಚ್ ಎಂಬ ಮೂವರು ಒಂದು ಉತ್ತರವನ್ನು ಕೊಟ್ಟರು: ಆಮ್ಲಜನಕದಿಂದ ಜೀವಕೋಶದಲ್ಲಿ ಸೂಪರಾಕ್ಸೈಡ್ ಎಂಬ ಹಾನಿಕರ ವಸ್ತು ಹುಟ್ಟುತ್ತದೆ, ಅದನ್ನು ನಿವಾರಿಸುವ ಎನ್‌ಜೈಮು ಅವಾಯುಜೀವಿಗಳಲ್ಲಿಲ್ಲ. ಆಮೇಲೆ ಕೆಲವು ಅವಾಯುಜೀವಿಗಳಲ್ಲಿಯೂ ಆ ಎನ್‌ಜೈಮು ಕಂಡುಬಂದುದರಿಂದ ಈ ಉತ್ತರವೂ ಅರ್ಧವಾಗಿಯೇ ನಿಂತಿತು.

ಪಾಶ್ಚರನ ಹೆಸರೂ ಕೊರತೆಯಿಲ್ಲದುದಲ್ಲ. ಗಾಳಿಯಲ್ಲಿ ಆಮ್ಲಜನಕವು ಐದರಲ್ಲೊಂದು ಪಾಲು ಮಾತ್ರ. ಉಳಿದುದು ಬಹುಮಟ್ಟಿಗೆ ಸಾರಜನಕ. 1890ರ ದಶಕದಲ್ಲಿ ವಿನೊಗ್ರಾಡ್‌ಸ್ಕಿಯು ಮಣ್ಣಿನಿಂದ ಬೇರ್ಪಡಿಸಿ ಪಾಶ್ಚರನ ಹೆಸರನ್ನೇ ಇಟ್ಟ ಕ್ಲಾಸ್ಟ್ರಿಡಿಯಂ ಅವಾಯುಜೀವಿಗಳ ಪೈಕಿಯದು. ಆದರೂ ಅದು ತನಗೆ ಬೇಕಾದ ಸಾರಜನಕವನ್ನು ಗಾಳಿಯಿಂದಲೇ ತೆಗೆದುಕೊಳ್ಳುತ್ತದೆ.