ಕಡಲ ತೀರ ಯಾರದು? ಜಮೈಕಾದ ಎರಡು ಸಾಕ್ಷ್ಯಚಿತ್ರಗಳು

ಕೆರಿಬಿಯನ್ ಎಂದೊಡನೆ ನಮ್ಮ ಕಣ್ಣೆದುರು ಬರುವುದು ನೀಲಿ ಕಡಲು, ಬಿಳಿ ಮರಳು, ತೆಂಗಿನ ನೆರಳು. ಆ ಚಿತ್ರದಲ್ಲಿ ಅಲ್ಲಿಯ ಜನ ಕಾಣಿಸಿಕೊಂಡರೂ ಪ್ರವಾಸಿಗರಿಗೆ ತಟ್ಟೆ ಹಿಡಿದು ನಿಂತಿರುತ್ತಾರೆ. ಈ ಚೌಕಟ್ಟನ್ನು ಒಡೆದ ಎರಡು ಸಾಕ್ಷ್ಯಚಿತ್ರಗಳು ಜಮೈಕಾದ ಕುರಿತಾಗಿವೆ.

ಸ್ಟೆಫನಿ ಬ್ಲ್ಯಾಕ್ ಅವರ ‘ಲೈಫ್ ಅಂಡ್ ಡೆಟ್’ (2001) ಚಿತ್ರದ ನಿರೂಪಣೆಗೆ ಆಂಟಿಗಾ ಮೂಲದ ಲೇಖಕಿ ಜಮೈಕಾ ಕಿಂಕೇಡ್ ಅವರ ‘ಎ ಸ್ಮಾಲ್ ಪ್ಲೇಸ್’ (1988) ಆಧಾರ. ಆ ದನಿ ರಜೆಗೆಂದು ಬಂದಿಳಿದ ಪ್ರವಾಸಿಗನನ್ನೇ ನೇರವಾಗಿ ಮಾತಾಡಿಸುತ್ತದೆ. ಅವನು ನೋಡದೆ ಹೋಗುವ ಹೊಲಗಳನ್ನು ಕ್ಯಾಮೆರಾ ನಮಗೆ ತೋರಿಸುತ್ತದೆ. ಮೈಕೆಲ್ ಮ್ಯಾನ್ಲಿ ಪ್ರಧಾನಿಯಾಗಿದ್ದಾಗ, 1977ರಲ್ಲಿ, ಜಮೈಕಾ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಮೊರೆಹೋಯಿತು. ಮುಂದಿನ ವರ್ಷಗಳಲ್ಲಿ ಸಾಲದ ಷರತ್ತುಗಳು ಮಾರುಕಟ್ಟೆಯನ್ನು ಆಮದಿಗೆ ತೆರೆಸಿದವು. ಅಗ್ಗದ ಹಾಲಿನ ಪುಡಿ ಬಂದಿತು. ಹಸು ಸಾಕಿದವರು ತಾವು ಕರೆದ ಹಾಲನ್ನು ನೆಲಕ್ಕೆ ಸುರಿದರು.

ಈ ದೃಶ್ಯದ ಭಾರ ತಿಳಿಯಲು ಇನ್ನಷ್ಟು ಹಿಂದಕ್ಕೆ ಹೋಗಬೇಕು. ಕಬ್ಬಿಗೆ ಒಗ್ಗದ ಗುಡ್ಡಗಾಡಿನ ತುಂಡು ನೆಲವನ್ನು ತೋಟದ ಒಡೆಯರು ಗುಲಾಮರಿಗೆ ಬಿಟ್ಟುಕೊಡುತ್ತಿದ್ದರು, ತಮ್ಮ ಅನ್ನವನ್ನು ತಾವೇ ಬೆಳೆದುಕೊಳ್ಳಲಿ ಎಂದು. ಅವರು ಅಲ್ಲಿ ಗೆಣಸು, ತರಕಾರಿ ಬೆಳೆದು, ಉಳಿದದ್ದನ್ನು ಭಾನುವಾರದ ಸಂತೆಯಲ್ಲಿ ಮಾರಿದರು. 1838ರಲ್ಲಿ ಪೂರ್ಣ ಬಿಡುಗಡೆ ಸಿಕ್ಕಾಗ ಎಷ್ಟೋ ಮಂದಿ ಕಬ್ಬಿನ ತೋಟ ತೊರೆದು ಗುಡ್ಡಗಳಲ್ಲಿ ಸಣ್ಣ ರೈತರಾದರು. ಅವರ ಪಾಲಿಗೆ ಸ್ವಂತ ಬೆಳೆಯೆಂದರೆ ಹೊಟ್ಟೆಪಾಡಿನ ಜೊತೆಗೆ ಸ್ವಾತಂತ್ರ್ಯವೂ ಆಗಿತ್ತು. ಮಾರುಕಟ್ಟೆ ಕಳೆದುಕೊಂಡ ರೈತ ಇದರಲ್ಲಿ ಯಾವುದನ್ನು ಕಳೆದುಕೊಂಡ?

ಎಸ್ತರ್ ಫಿಗೆರೋವಾ ನಿರ್ದೇಶನದ ‘ಜಮೈಕಾ ಫಾರ್ ಸೇಲ್’ (2009) ಇದೇ ಪ್ರಶ್ನೆಯನ್ನು ಕರಾವಳಿಗೆ ಒಯ್ಯುತ್ತದೆ. ಲೇಖಕಿ, ಪರಿಸರ ಹೋರಾಟಗಾರ್ತಿ ಡಯಾನಾ ಮೆಕಾಲೆ ಇದರ ನಿರ್ಮಾಣದಲ್ಲಿ ಜೊತೆಗಿದ್ದರು. ಬೃಹತ್ ಹೋಟೆಲುಗಳು ಎದ್ದು ನಿಂತಾಗ ತಮ್ಮ ಬದುಕು ಏನಾಯಿತೆಂದು ಇಲ್ಲಿ ಸ್ಥಳೀಯರೇ ಹೇಳುತ್ತಾರೆ. ಕಾಂಡ್ಲಾ ಕಾಡು ಕಡಿದರೆ ಮೀನುಮರಿಗಳ ತೊಟ್ಟಿಲು ಹೋಗುತ್ತದೆ, ಬಿರುಗಾಳಿಗೆ ಒಡ್ಡಿದ್ದ ತಡೆಯೂ ಹೋಗುತ್ತದೆ. ಗೋಡೆ ಎದ್ದರೆ ಕಡಲಿಗೆ ಹೋಗುವ ದಾರಿಯೇ ಇಲ್ಲವಾಗುತ್ತದೆ. ಆ ಗೋಡೆಗೆ ಕಾನೂನಿನ ಆಸರೆಯೂ ಇದೆ. ವಸಾಹತು ಆಡಳಿತದ 1956ರ ಕಡಲತೀರ ನಿಯಂತ್ರಣ ಕಾಯ್ದೆ ತೀರದ ಒಡೆತನವನ್ನು ಬ್ರಿಟಿಷ್ ರಾಜಸತ್ತೆಗೆ ಒಪ್ಪಿಸಿತು. ಜನಸಾಮಾನ್ಯರಿಗೆ ಅಲ್ಲಿ ಓಡಾಡುವ ಸಾರ್ವತ್ರಿಕ ಹಕ್ಕನ್ನು ಕೊಡಲಿಲ್ಲ. 1962ರಲ್ಲಿ ದೇಶ ಸ್ವತಂತ್ರವಾದರೂ ಕಾಯ್ದೆ ಉಳಿಯಿತು.

ಬ್ಲ್ಯಾಕ್ ಅಮೆರಿಕದವರು, ಅವರ ಚಿತ್ರ ಹೊರಗಿನಿಂದ ಬಂದವನ ಕಣ್ಣು ತೆರೆಸುತ್ತದೆ. ಫಿಗೆರೋವಾ ಅವರ ಚಿತ್ರ ಜಮೈಕನ್ನರು ತಮ್ಮವರೊಂದಿಗೇ ಆಡುವ ಮಾತು. ಹೊಲ, ಹಸು, ದೋಣಿ, ದಾರಿ ಇವುಗಳಿಂದ ಬೇರ್ಪಟ್ಟ ‘ಪ್ರಕೃತಿ’ ಎರಡರಲ್ಲೂ ಇಲ್ಲ. ಕಡಲತೀರದ ಹಕ್ಕಿಗಾಗಿ ಜಮೈಕಾದ ಜನ ಈಚಿನ ವರ್ಷಗಳಲ್ಲೂ ನ್ಯಾಯಾಲಯದ ಮೆಟ್ಟಿಲೇರಿದ್ದಾರೆ. ಹಾಗಾಗಿ ಈ ಚಿತ್ರಗಳನ್ನು ಹಳೆಯವೆಂದು ಪಕ್ಕಕ್ಕಿಡುವಂತಿಲ್ಲ.