ಮರ ಮೊದಲು, ಬೀಜ ಆಮೇಲೆ: ಒಣನಾಡುಗಳಲ್ಲಿ ಬೇವಿನ ಚರಿತ್ರೆ

ಬೇವಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ವೈದ್ಯಗ್ರಂಥಗಳಿಂದ ಹೊರಡುತ್ತಾರೆ. ಆಫ್ರಿಕದ ಬೇವಿಗೆ ಆ ದಾರಿ ಹೊಂದುವುದಿಲ್ಲ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಘಾನಾ, ನೈಜೀರಿಯ, ಸುಡಾನ್‌ಗಳ ಒಣಸೀಮೆಯಲ್ಲಿ ವಸಾಹತು ಆಡಳಿತಗಳು ಇದನ್ನು ನೆಡಿಸಿದ್ದು ಮುಖ್ಯವಾಗಿ ನೆರಳಿಗೆ, ಸೌದೆಗೆ. ಬೇರು ಆಳಕ್ಕಿಳಿಯುವ ಈ ಮರಕ್ಕೆ ವರ್ಷಕ್ಕೆ 400 ಮಿ.ಮೀ. ಮಳೆಯಾದರೂ ಸಾಕು, ನೀರು ನಿಲ್ಲುವ ನೆಲ ಮಾತ್ರ ಆಗದು. ಆದರೆ ಬೀಜ ಬಲು ಬೇಗ ಕೆಡುತ್ತದೆ. ಹಣ್ಣಿನಿಂದ ಬಿಡಿಸಿದ ಮೇಲೆ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕುಂದುವುದರಿಂದ, ದೂರದೇಶ ತಲುಪಿ ಬದುಕಿದ ಸಸಿಗಳ ಮೂಲ ಕೆಲವೇ ತಾಯಿಮರಗಳಾಗಿರಬೇಕೆಂದು ನನ್ನ ಊಹೆ.

ಮರದ ಜೊತೆ ಅದರ ಬಳಕೆಯ ತಿಳಿವು ಹೋಯಿತೆ? ನಮ್ಮಲ್ಲಿ ಕಾಳಿನ ಜೊತೆ ಬೇವಿನ ಸೊಪ್ಪು ಹಾಕಿಡುವುದು, ಹೊಲಕ್ಕೆ ಹಿಂಡಿ ಹಾಕುವುದು ಹಳೆಯ ರೂಢಿ. ಇದು ಹಡಗು ಹತ್ತಿದಂತೆ ಕಾಣುವುದಿಲ್ಲ. ಹಾಗೆಂದು ಅಲ್ಲಿನವರು ಸುಮ್ಮನಿರಲಿಲ್ಲ: ಉತ್ತರ ನೈಜೀರಿಯದ ಹೌಸಾ ಜನ ಈ ಹೊಸ ಮರಕ್ಕೆ 'ದೊಗೊನ್ ಯಾರೊ' ಎಂದು ಹೆಸರಿಟ್ಟರು, ಅದರ ಎಲೆಯ ಕಷಾಯ ಆ ದೇಶದಲ್ಲಿ ಜ್ವರದ ಮನೆಮದ್ದಾಯಿತು.

ಬೀಜದ ಕಡೆಗೆ ವಿಜ್ಞಾನದ ಗಮನ ಹರಿಸಿದ್ದು ಮಿಡತೆ. 1959ರಲ್ಲಿ ಸುಡಾನ್‌ನಲ್ಲಿದ್ದ ಜರ್ಮನ್ ಕೀಟಶಾಸ್ತ್ರಜ್ಞ ಹೈನ್ರಿಖ್ ಶ್ಮುಟ್ಟರರ್, ಮಿಡತೆ ಹಿಂಡು ಸುತ್ತಲ ಹಸಿರನ್ನೆಲ್ಲ ಬೋಳಿಸಿ ಬೇವನ್ನು ಮಾತ್ರ ಬಿಟ್ಟುಹೋದುದನ್ನು ಕಂಡರು. 1962ರಲ್ಲಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜದ ತಿರುಳನ್ನು ನೀರಲ್ಲಿ ಕದಡಿ ಬೆಳೆಗೆ ಸಿಂಪಡಿಸಿದರು. ಬಂದಿಳಿದ ಮಿಡತೆಗಳು ಬೆಳೆಗೆ ಬಾಯಿ ಹಾಕಲಿಲ್ಲ. 1968ರಲ್ಲಿ ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದಲ್ಲಿ ಬಟರ್‌ವರ್ತ್ ಮತ್ತು ಮಾರ್ಗನ್ ಬೀಜದಿಂದ ಕೀಟಗಳು ಮೇಯದಂತೆ ತಡೆಯುವ ಅಜಾಡಿರಾಕ್ಟಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಪ್ರಧಾನ್ ಅವರ ಪ್ರಯೋಗಕ್ಕೆ ಸಿಗಬೇಕಾದ ಸ್ಥಾನವನ್ನು ನಂತರದ ಬರಹಗಳು ಕೊಟ್ಟಿಲ್ಲ ಎಂಬುದು ನನ್ನ ತಕರಾರು.

ಮುಂದಿನ ಘಟ್ಟ ವ್ಯಾಪಾರದ್ದು. ಅಮೆರಿಕದ ಡಬ್ಲ್ಯು. ಆರ್. ಗ್ರೇಸ್ ಕಂಪನಿ ನಮ್ಮ ತುಮಕೂರಿನಲ್ಲೇ ಪಾಲುದಾರಿಕೆಯಲ್ಲಿ ಬೀಜ ಸಂಸ್ಕರಣೆಗೆ ಇಳಿಯಿತು. ಆ ಕಂಪನಿಗೂ ಅಮೆರಿಕದ ಕೃಷಿ ಇಲಾಖೆಗೂ ಬೇವಿನೆಣ್ಣೆಯ ಶಿಲೀಂಧ್ರನಾಶಕಕ್ಕೆ 1994ರಲ್ಲಿ ಯುರೋಪಿನ ಪೇಟೆಂಟ್ ಸಿಕ್ಕಿತು. ವಂದನಾ ಶಿವ ಮತ್ತಿತರರ ಆಕ್ಷೇಪದ ಮೇಲೆ 2000ದಲ್ಲಿ ಅದು ರದ್ದಾಯಿತು, 2005ರಲ್ಲಿ ಮೇಲ್ಮನವಿಯೂ ಬಿತ್ತು.

ಈ ಪೇಟೆಂಟಿಗೂ ಮೊದಲೇ ಆಫ್ರಿಕದ ಸಾಹೆಲ್ ಸೀಮೆಯಲ್ಲಿ ಬೇವು ಗಾಳಿತಡೆಯಾಗಿ ದುಡಿಯುತ್ತಿತ್ತು. ನೈಜರ್‌ನ ಮಾಜಿಯಾ ಕಣಿವೆಯಲ್ಲಿ 1970ರ ದಶಕದ ನಡುವಿನಿಂದ ಕೇರ್ ಸಂಸ್ಥೆಯ ನೆರವಿನಲ್ಲಿ ಬೇವಿನ ಸಾಲುಗಳು ಎದ್ದವು. ಅವುಗಳ ಆಸರೆಯಲ್ಲಿ ಸಜ್ಜೆಯ ಇಳುವರಿ ಸುಮಾರು ಶೇ. 20ರಷ್ಟು ಏರಿತೆಂದು ದಾಖಲಾಗಿದೆ. ಗಾಳಿಗೆ ಮೇಲ್ಮಣ್ಣು ಹಾರುವುದು, ನೆಲದ ತೇವ ಆರುವುದು ಎರಡೂ ತಗ್ಗಿದ್ದೇ ಇದಕ್ಕೆ ಕಾರಣ.

ಆದರೆ 1980ರ ದಶಕದಲ್ಲಿ ಚಾಡ್ ಸರೋವರದ ಸುತ್ತಿನ ಬೇವುಗಳಿಗೆ ಶಲ್ಕಕೀಟ ತಗುಲಿ ರೆಂಬೆಗಳು ಒಣಗಿದವು. ಕೀಟ ಓಡಿಸುವ ಮರಕ್ಕೇ ಕೀಟದ ಕಾಟ ಬಂದುದು ಅಷ್ಟೇನೂ ವಿಚಿತ್ರವಲ್ಲ: ಅಜಾಡಿರಾಕ್ಟಿನ್ ಹೆಚ್ಚಾಗಿ ತುಂಬಿರುವುದು ಬೀಜದಲ್ಲಿ, ಶಲ್ಕಕೀಟ ರಸ ಹೀರುವುದು ಎಲೆ, ರೆಂಬೆಗಳಿಂದ. ಕೆಲವೇ ತಾಯಿಮರಗಳ ಸಂತತಿ ಎಂಬ ಊಹೆ ನಿಜವಾದರೆ, ಆ ತೋಪುಗಳಲ್ಲಿ ಕೀಟ ತಡೆಯುವ ತಳಿಭೇದವೂ ಕಡಿಮೆಯೇ ಇದ್ದಿರಬೇಕು.